ದಕ್ಕೆಯಲ್ಲಿ ಹಗ್ಗ ಹಿಡಿಯುವವರಿಗೂ ಒಂದು ನಮಸ್ಕಾರ

ಸಮುದ್ರಕ್ಕೆ ಹೋಗಿ ಬಂದವರ ಸಾಹಸವನ್ನು ನಾವು ಬಾಯಿತುಂಬ ಹೊಗಳುತ್ತೇವೆ. ಆದರೆ ಅವರು ಮರಳಿ ಬರುವಾಗ ದಕ್ಕೆಯ ಅಂಚಿನಲ್ಲಿ ನಿಂತು ಹಗ್ಗ ಹಿಡಿದವರು ಯಾರು, ನಡುರಾತ್ರಿ ವಯರ್‌ಲೆಸ್‌ನಲ್ಲಿ ಉತ್ತರ ಕೊಟ್ಟವರು ಯಾರು, 'ಗಾಳಿ ಸರಿಯಿಲ್ಲ, ಇಂದು ಹೊರಡಬೇಡಿ' ಎಂದು ತಡೆದವರು ಯಾರು ಎಂದು ವಿಚಾರಿಸುವವರು ವಿರಳ. ಬಂದರಿನ ಅಧಿಕಾರಿ, ಪೈಲಟ್, ಸಿಗ್ನಲ್ ನೋಡಿಕೊಳ್ಳುವವರು, ಜೆಟ್ಟಿಯ ಕಾವಲುಗಾರ, ಕಲಾಸಿ ಮುಂತಾದವರಲ್ಲಿ ಹೆಚ್ಚಿನವರು ನೆಲದ ಮೇಲೆ ನಿಂತೇ ಸಮುದ್ರದ ಕೆಲಸ ಮಾಡುವವರು. ಬೋಟಿನವರ ಜೀವ ಎಷ್ಟೋ ಸಲ ಇವರ ಒಳ್ಳೆಯತನದ ಮೇಲೆ ನಿಂತಿರುತ್ತದೆ. ಈ ಲೇಖನ ಅಂಥವರನ್ನು ನೆನೆಯುವ ಒಂದು ಸಣ್ಣ ಪ್ರಯತ್ನ.

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರಿಗೆ ಬಂದರು ಎಂಬುದು ಹೊಸ ವಿಷಯವೇನಲ್ಲ. ಇಂದು ಊರಿಗೆ ಹೋಗಲು ಕೊಂಕಣ ರೈಲು ಇದೆ, ಬಸ್ಸು, ವಿಮಾನ ಇದೆ. ಆದರೆ ನಮ್ಮ ಹಿಂದಿನ ತಲೆಮಾರಿನ ಅನೇಕರು ಕಬ್ಬಿಣದ ಟ್ರಂಕು, ಹಾಸಿಗೆ ಸುರುಳಿ ಹಿಡಿದುಕೊಂಡು ಹಡಗಿನಲ್ಲೇ ಈ ಮಹಾನಗರಕ್ಕೆ ಬಂದಿಳಿದವರು. ಊರಿನ ಕಡೆ ಹಡಗು ದಡಕ್ಕೆ ಬರುತ್ತಿರಲಿಲ್ಲ, ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಸಣ್ಣ ದೋಣಿಯಲ್ಲಿ ಅದರ ಬದಿಗೆ ಹೋಗಿ, ಅಲೆ ಮೇಲೆತ್ತಿದ ಕ್ಷಣ ನೋಡಿ, ಮೇಲಿದ್ದವರು ಚಾಚಿದ ಕೈ ಹಿಡಿದು ಹತ್ತಬೇಕಿತ್ತು. ಆ ಕೈ ಯಾರದೆಂದು ಹತ್ತಿದವರಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಊರಿನ 'ದಕ್ಕೆ' ಮತ್ತು ಇಲ್ಲಿನ ಭಾವುಚಾ 'ಧಕ್ಕಾ' ಒಂದೇ ಮಾತು ಎಂಬುದನ್ನು ಗಮನಿಸಿದರೆ, ಈ ಎರಡು ಕರಾವಳಿಗಳ ನಂಟು ಎಷ್ಟು ಹಳೆಯದೆಂದು ತಿಳಿಯುತ್ತದೆ.

ನಾನು ಕೆಲಸ ಮಾಡಿದ ಬ್ಯಾಂಕಿನ ಶಾಖೆಗಳಲ್ಲಿ ಒಂದು ಬಂದರಿನ ಸಮೀಪವೇ ಇತ್ತು. ಕೌಂಟರಿನ ಆಚೆ ನಿಂತು ಸ್ಲಿಪ್ ತುಂಬಿಸಿ ಕೊಡಿ ಎನ್ನುವ ತಾಂಡೇಲರು, ಲಾಂಚಿನ ಕೆಲಸಗಾರರು, ಮೀನಿನ ವ್ಯಾಪಾರಿಗಳು, ಅಪರೂಪಕ್ಕೊಮ್ಮೆ ಹಾಯಿದೋಣಿಯಲ್ಲಿ ಬಂದ ವಿದೇಶೀಯರು ಹೀಗೆ ಹಲವರ ಮಾತು ಕೇಳುವ ಅವಕಾಶ ನನಗೆ ಸಿಕ್ಕಿತ್ತು. ಬಿರುಗಾಳಿಯ ವಿಷಯವನ್ನು ಅವರು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ತಮಗೆ ಉಪಕಾರ ಮಾಡಿದ ಬಂದರಿನವರ ವಿಷಯ ಬಂದರೆ ಮಾತ್ರ ಮಾತು ಮುಗಿಯುತ್ತಲೇ ಇರಲಿಲ್ಲ.

ಬ್ರೇಕ್ ಇಲ್ಲದ ವಾಹನ

ಬೋಟಿಗೆ ಬ್ರೇಕ್ ಇಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಅದು ಮುಂದಕ್ಕೆ ಜಾರುತ್ತಲೇ ಇರುತ್ತದೆ. ಗಾಳಿ ಒಂದು ಕಡೆಗೆ ತಳ್ಳಿದರೆ, ನೀರಿನ ಸೆಳೆತ ಇನ್ನೊಂದು ಕಡೆಗೆ ಎಳೆಯುತ್ತದೆ. ನೂರಾರು ಮೈಲು ತೆರೆದ ಸಮುದ್ರದಲ್ಲಿ ಏನೂ ಆಗದ ಬೋಟು ಕಡೆಯ ಇಪ್ಪತ್ತು ಅಡಿಯಲ್ಲಿ ದಕ್ಕೆಯ ಕಲ್ಲಿಗೆ ಬಡಿದು ಒಡೆಯಬಹುದು. ಆದ್ದರಿಂದಲೇ ಬೋಟಿನವರು ಸಮುದ್ರಕ್ಕಿಂತ ದಡಕ್ಕೆ ಹೆಚ್ಚು ಹೆದರುತ್ತಾರೆ.

ದಕ್ಕೆಯಲ್ಲಿ ನಿಂತವನ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಎಸೆದ ಹಗ್ಗವನ್ನು ಹಿಡಿದು ಕಂಬಕ್ಕೆ ಸುತ್ತುವುದು ನೋಡುವವರಿಗೆ ಸುಲಭ. ಆದರೆ ಮುಂದಿನ ಹಗ್ಗವನ್ನು ಅವಸರದಲ್ಲಿ ಬಿಗಿದರೆ ಬೋಟಿನ ಮೂತಿ ಗೋಡೆಗೆ ನುಗ್ಗುತ್ತದೆ, ಹಿಂಭಾಗ ಹೊರಗೆ ತಿರುಗುತ್ತದೆ. ಯಾವ ಹಗ್ಗ ಮೊದಲು, ಯಾವುದು ಆಮೇಲೆ, ಎಷ್ಟು ಸಡಿಲ ಬಿಡಬೇಕು, ಭರತ ಇಳಿತಕ್ಕೆ ಎಷ್ಟು ಜಾಗ ಕೊಡಬೇಕು ಎಂಬುದನ್ನು ಬಲ್ಲವನು ಅನುಭವದಿಂದಲೇ ಬಲ್ಲ. ಮುಂಬಯಿಯಂತಹ ಕಡೆ ಭರತ ಇಳಿತದ ನಡುವೆ ನೀರಿನ ಮಟ್ಟದಲ್ಲಿ ಹಲವು ಅಡಿ ವ್ಯತ್ಯಾಸ ಬರುವುದರಿಂದ, ಸಂಜೆ ಬಿಗಿಯಾಗಿ ಕಟ್ಟಿದ ಬೋಟು ರಾತ್ರಿ ಹಗ್ಗಕ್ಕೆ ನೇತು ಬೀಳುವ ಸಂಭವವೂ ಇದೆ.

ಮೀನುಗಾರಿಕಾ ಬಂದರು ನಮಗೆ ಗೊತ್ತು. 'ಮರೀನಾ' ಎಂಬುದು ಹಾಯಿದೋಣಿ ಮತ್ತು ವಿಹಾರದ ಬೋಟುಗಳಿಗೆಂದೇ ಕಟ್ಟಿದ ತಂಗುದಾಣ. ಬೋಟು ಕಟ್ಟಲು ಜಾಗ, ಕುಡಿಯುವ ನೀರು, ವಿದ್ಯುತ್ತು, ಸ್ನಾನದ ಮನೆ ಎಲ್ಲ ಅಲ್ಲಿ ದೊರೆಯುತ್ತವೆ. ನಮ್ಮ ದೇಶದಲ್ಲಿ ಇಂತಹ ಅಂತರರಾಷ್ಟ್ರೀಯ ಮಟ್ಟದ ಮೊದಲ ಮರೀನಾ 2010ರಲ್ಲಿ ಕೊಚ್ಚಿಯ ಬೋಲ್ಗಾಟ್ಟಿ ದ್ವೀಪದಲ್ಲಿ ಆರಂಭವಾಯಿತು. ಕೆಲವು ವರ್ಷಗಳ ಹಿಂದೆ ಹಣ ಬದಲಾಯಿಸಲು ನಮ್ಮ ಕೌಂಟರಿಗೆ ಬಂದ ಓರ್ವ ವಯಸ್ಸಾದ ವಿದೇಶೀ ದಂಪತಿ ತಮ್ಮ ಸಣ್ಣ ಹಾಯಿದೋಣಿಯಲ್ಲಿ ಅಲ್ಲಿ ತಂಗಿ ಬಂದವರಾಗಿದ್ದರು. ತಾಜಮಹಲಿನ ವಿಷಯ ಅವರು ಎತ್ತಲಿಲ್ಲ. ಮರೀನಾದ ಒಬ್ಬ ಹುಡುಗನ ವಿಷಯವನ್ನೇ ಹೇಳುತ್ತಿದ್ದರು. ಅಡುಗೆ ಗ್ಯಾಸು ಎಲ್ಲಿ ತುಂಬಿಸಬೇಕೆಂದು ಅವನು ಜತೆಗೆ ಬಂದು ತೋರಿಸಿದನಂತೆ. ಒಂದು ರಾತ್ರಿ ಮಳೆಗಾಳಿ ಎದ್ದಾಗ ಇವರು ಗಾಢ ನಿದ್ದೆಯಲ್ಲಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ತಮ್ಮ ದೋಣಿಗೆ ಎರಡು ಹಗ್ಗ ಹೆಚ್ಚಾಗಿ ಕಟ್ಟಿತ್ತು. ಕೇಳಿದಾಗ ಆ ಹುಡುಗ ನಕ್ಕು ಸುಮ್ಮನಾದನಂತೆ. ಬಾಡಿಗೆ ಎಷ್ಟು ಕೊಟ್ಟೆವೆಂಬುದು ಮರೆತಿದೆ, ಆ ಎರಡು ಹಗ್ಗ ಮರೆತಿಲ್ಲ ಎಂದು ಆ ಅಮ್ಮ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

ಆರೂವರೆ ಶಿಲ್ಲಿಂಗಿನ ಲೆಕ್ಕ

ಬೋಟಿನವರು ಬಂದರಿನವರ ಗುಣವನ್ನು ನೆನಪಿಟ್ಟುಕೊಳ್ಳುವುದು ಇಂದು ನಿನ್ನೆಯದಲ್ಲ. ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿ ಬಂದ ಮೊದಲ ವ್ಯಕ್ತಿ ಜೋಶುವಾ ಸ್ಲೋಕಮ್. 1895ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್‌ನಿಂದ 'ಸ್ಪ್ರೇ' ಎಂಬ ಸುಮಾರು 37 ಅಡಿಯ ದೋಣಿಯಲ್ಲಿ ಹೊರಟು, 46,000 ಮೈಲು ಸಂಚರಿಸಿ 1898ರ ಜೂನ್‌ನಲ್ಲಿ ನ್ಯೂಪೋರ್ಟ್ ಸೇರಿದ. ಹೊರಟಾಗ ಅವನಿಗೆ ಐವತ್ತು ದಾಟಿತ್ತು. ನನ್ನ ವಯಸ್ಸಿನವರು ಇದನ್ನು ಗಮನಿಸಬೇಕು.

ಆತ ಜಿಬ್ರಾಲ್ಟರ್ ತಲುಪಿದಾಗ ಅಲ್ಲಿನ ಬ್ರಿಟಿಷ್ ನೌಕಾಪಡೆಯವರು ಆ ಸಣ್ಣ ದೋಣಿಗೆ ದೊಡ್ಡ ಯುದ್ಧನೌಕೆಗಳ ಸಾಲಿನಲ್ಲೇ ಜಾಗ ಕೊಟ್ಟರು. ಪ್ರತಿದಿನ ಬೆಳಿಗ್ಗೆ ಹಾಲು, ವಾರಕ್ಕೆರಡು ಬಾರಿ ತರಕಾರಿ ಕಳುಹಿಸಿದರು. ಸ್ಲೋಕಮ್‌ನ ಮೂಲ ಯೋಜನೆ ಮೆಡಿಟರೇನಿಯನ್ ಮತ್ತು ಸುಯೆಜ್ ಮಾರ್ಗವಾಗಿ ಪೂರ್ವಕ್ಕೆ ಹೋಗುವುದಾಗಿತ್ತು. ಆ ಭಾಗದಲ್ಲಿ ಕಡಲ್ಗಳ್ಳರಿದ್ದಾರೆ, ಒಬ್ಬನೇ ಹೋಗುವುದು ಸರಿಯಲ್ಲ ಎಂದು ಅನುಭವಿ ಅಧಿಕಾರಿಗಳು ಬುದ್ಧಿ ಹೇಳಿದರು. ಆತ ಅದನ್ನು ಕೇಳಿ ದೋಣಿಯನ್ನು ಪಶ್ಚಿಮಕ್ಕೆ ತಿರುಗಿಸಿದ. ಜಗತ್ತಿನ ಮೊದಲ ಏಕಾಂಗಿ ಪರಿಕ್ರಮದ ದಿಕ್ಕೇ ಬಂದರಿನವರ ಒಂದು ಹಿತವಚನದಿಂದ ಬದಲಾಯಿತು.

ಎಲ್ಲ ಬಂದರುಗಳೂ ಹಾಗಿರಲಿಲ್ಲ ಎಂಬುದಕ್ಕೂ ಆತನೇ ಸಾಕ್ಷಿ. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ದೋಣಿಯ ತೂಕದ ಲೆಕ್ಕದಲ್ಲಿ ಅವನಿಂದ ಆರೂವರೆ ಶಿಲ್ಲಿಂಗ್ ಸುಂಕ ವಸೂಲು ಮಾಡಿದರು. ಅವನೇನು ಜಗಳವಾಡಲಿಲ್ಲ. ದೋಣಿ ನೋಡಲು ಬಂದವರಿಂದ ತಲೆಗೆ ಆರು ಪೆನ್ಸ್ ಪಡೆದು ಲೆಕ್ಕ ಸರಿಪಡಿಸಿಕೊಂಡ. ಶಿಲ್ಲಿಂಗಿಗೆ ಹನ್ನೆರಡು ಪೆನ್ಸ್. ಹದಿಮೂರು ಜನ ಬಂದರೆ ಬಾಕಿ ಚುಕ್ತಾ! ನೋಡುವವರು ಕಡಿಮೆಯಾದಾಗ ಒಂದು ಶಾರ್ಕ್ ಹಿಡಿದು ಅದನ್ನು ತೋರಿಸಿಯೂ ಕಾಸು ಮಾಡಿದನಂತೆ. ಸುಂಕ ತೆಗೆದುಕೊಂಡದ್ದು ತಪ್ಪೆಂದು ಹೇಳಲಾಗದು, ನಿಯಮ ನಿಯಮವೇ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ನಂತರ ಇಂದು ಓದುವಾಗ ಜಿಬ್ರಾಲ್ಟರಿನ ಹಾಲು ಒಂದು ಬಗೆಯಲ್ಲಿ, ಮೆಲ್ಬೋರ್ನಿನ ಆರೂವರೆ ಶಿಲ್ಲಿಂಗ್ ಇನ್ನೊಂದು ಬಗೆಯಲ್ಲಿ ನೆನಪುಳಿಯುತ್ತದೆ. ಸರಕಾರಿ ಕಚೇರಿಯಾಗಲಿ, ಬ್ಯಾಂಕಾಗಲಿ, ಕೌಂಟರಿನ ಒಳಗೆ ಕುಳಿತ ನಮ್ಮಂಥವರೆಲ್ಲರೂ ತಿಳಿಯಬೇಕಾದ ಪಾಠವಿದು.

ನಮ್ಮ ಪರಿಕ್ರಮಿಗಳಿಗೆ ಆಸರೆಯಾದ ಬಂದರುಗಳು

ನಮ್ಮ ದೇಶದವರೂ ಈ ಸಾಹಸದಲ್ಲಿ ಹಿಂದೆ ಬಿದ್ದಿಲ್ಲ. ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ 'ಮ್ಹಾದೇಯಿ' ಎಂಬ ಹಾಯಿದೋಣಿಯಲ್ಲಿ ಏಕಾಂಗಿಯಾಗಿ ಪ್ರಪಂಚ ಸುತ್ತಿದ ಮೊದಲ ಭಾರತೀಯರೆನಿಸಿದರು. ಆಸ್ಟ್ರೇಲಿಯದ ಫ್ರೀಮಾಂಟಲ್, ನ್ಯೂಜಿಲೆಂಡ್‌ನ ಲಿಟಲ್ಟನ್, ಫಾಕ್‌ಲ್ಯಾಂಡ್ ದ್ವೀಪದ ಪೋರ್ಟ್ ಸ್ಟಾನ್ಲಿ, ದಕ್ಷಿಣ ಆಫ್ರಿಕದ ಕೇಪ್‌ಟೌನ್ ಹೀಗೆ ನಾಲ್ಕೇ ಕಡೆ ತಂಗಿದರು. 2017ರ ಸೆಪ್ಟೆಂಬರ್‌ನಲ್ಲಿ ವರ್ತಿಕಾ ಜೋಶಿಯವರ ನೇತೃತ್ವದಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 'ತಾರಿಣಿ'ಯಲ್ಲಿ ಗೋವೆಯಿಂದ ಹೊರಟು 254 ದಿನಗಳಲ್ಲಿ, ಸುಮಾರು 21,600 ನಾಟಿಕಲ್ ಮೈಲು ಕ್ರಮಿಸಿ 2018ರ ಮೇ ತಿಂಗಳಲ್ಲಿ ಮರಳಿದರು. ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಹೊರಟು 2025ರ ಮೇ 29ರಂದು ಗೋವೆಗೆ ಹಿಂದಿರುಗಿದ್ದು ನಮ್ಮೆಲ್ಲರಿಗೂ ಹೆಮ್ಮೆಯ ಸಂಗತಿ.

ತಿಂಗಳುಗಟ್ಟಲೆ ನೀರು ಬಿಟ್ಟರೆ ಬೇರೇನೂ ಕಾಣದೆ ಬಂದವರಿಗೆ ಬಂದರಿನಲ್ಲಿ ಬೇಕಾಗುವುದು ಏನು? ಹರಿದ ಹಾಯಿ ಹೊಲಿಯುವವರು, ಉಪ್ಪುನೀರಿಗೆ ಹಾಳಾದ ಯಂತ್ರ ಬಿಚ್ಚುವವರು, ತಾಜಾ ತರಕಾರಿ, ಸಿಹಿನೀರಿನ ಸ್ನಾನ, ಒಂದು ರಾತ್ರಿಯ ನಿಶ್ಚಿಂತೆಯ ನಿದ್ದೆ. 2018ರ ಪಯಣದ ಕೊನೆಯ ಹಂತದಲ್ಲಿ ತಾರಿಣಿಯ ಚುಕ್ಕಾಣಿಯಲ್ಲಿ ದೋಷ ಕಾಣಿಸಿದಾಗ, ಯೋಜನೆಯಲ್ಲಿ ಇಲ್ಲದಿದ್ದರೂ ಮಾರಿಷಸ್‌ನ ಪೋರ್ಟ್ ಲೂಯಿ ಬಂದರಿಗೆ ಹೋಗಿ ದುರಸ್ತಿ ಮಾಡಿಸಿಕೊಳ್ಳಬೇಕಾಯಿತು. ಕರೆಯದೆ ಬಂದ ಅತಿಥಿಯನ್ನು ಒಳಗೆ ಬಿಟ್ಟುಕೊಳ್ಳುವುದೇ ಬಂದರಿನ ದೊಡ್ಡ ಗುಣ. ಅವರು ಫ್ರೀಮಾಂಟಲ್ ತಲುಪಿದಾಗ ಅಲ್ಲಿನ ಭಾರತೀಯ ಸಮುದಾಯದವರು ಸ್ವಾಗತಿಸಲು ಬಂದಿದ್ದರು ಎಂಬುದೂ ಇಲ್ಲಿ ಉಲ್ಲೇಖನೀಯ. ಪರವೂರಿನಲ್ಲಿ ಸಂಘ ಕಟ್ಟಿಕೊಂಡು ಬದುಕುವ ನಮಗೆ ಆ ಸ್ವಾಗತದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ದಡದವರ ನೆರವು ಎಷ್ಟು ದೂರ ಚಾಚಬಲ್ಲದು ಎಂಬುದಕ್ಕೆ ಅಭಿಲಾಷ್ ಟೋಮಿಯವರ ಪ್ರಸಂಗ ಸಾಕು. 2018ರ ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ವೇಳೆ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ದೋಣಿಯ ಕೂವೆಮರ ಮುರಿಯಿತು, ಬೆನ್ನಿಗೆ ತೀವ್ರ ಪೆಟ್ಟಾಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಕುಳಿತ ರಕ್ಷಣಾ ಕೇಂದ್ರದವರು ಸುತ್ತಲಿನ ಹಡಗು, ವಿಮಾನಗಳಿಗೆ ಸಂದೇಶ ಕಳುಹಿಸಿದರು. 'ಒಸಿರಿಸ್' ಎಂಬ ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ಸೆಪ್ಟೆಂಬರ್ 24ರಂದು ಅವರನ್ನು ಎತ್ತಿಕೊಂಡು ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ಸಾಗಿಸಿತು. ಮುಖ ನೋಡದವರು, ಭಾಷೆ ಅರಿಯದವರು ಸೇರಿ ಒಂದು ಜೀವ ಉಳಿಸಿದರು.

ಹನ್ನೊಂದನೆಯ ಸಂಕೇತ

ಇವೆಲ್ಲ ಹೆಸರು ಮಾಡಿದವರ ವಿಷಯವಾಯಿತು. ಇನ್ನು ಹೆಸರಿಲ್ಲದ ಸಾವಿರಾರು ಬೋಟುಗಳ ಕಡೆ ಬರೋಣ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ 'ಬಂದರಿನಲ್ಲಿ 3ನೇ ನಂಬರಿನ ಅಪಾಯದ ಸಂಕೇತ' ಎಂಬ ಸುದ್ದಿಯನ್ನು ಓದುಗರು ನೋಡಿರಬಹುದು. ಹವಾಮಾನ ಇಲಾಖೆ ಎಚ್ಚರಿಕೆ ಕಳುಹಿಸಿದೊಡನೆ ಬಂದರಿನವರು ಎತ್ತರದ ಕಂಬಕ್ಕೆ ಹಗಲಲ್ಲಿ ಶಂಕು ಮತ್ತು ಉರುಳೆಯಾಕಾರದ ಗುರುತುಗಳನ್ನು, ರಾತ್ರಿ ಕೆಂಪು ಬಿಳಿ ದೀಪಗಳನ್ನು ಏರಿಸುವ ಪದ್ಧತಿ ಇದು. 1865ರಲ್ಲಿ ಕಲ್ಕತ್ತಾ ಬಂದರಿನಿಂದ ನಮ್ಮ ದೇಶದಲ್ಲಿ ಬಂದರು ಎಚ್ಚರಿಕೆಯ ವ್ಯವಸ್ಥೆ ಆರಂಭವಾಯಿತು.

ಸಂಕೇತಗಳು ಒಟ್ಟು ಹನ್ನೊಂದು. 1 ಮತ್ತು 2 ದೂರದ ಸಮುದ್ರದಲ್ಲಿ ಏನೋ ಎದ್ದಿದೆ ಎಂಬುದಕ್ಕೆ. 3 ಮತ್ತು 4 ಈ ಬಂದರಿಗೇ ಗಾಳಿಮಳೆ ತಟ್ಟಬಹುದು ಎಂಬುದಕ್ಕೆ. 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. ಈ ಹತ್ತೂ ಸಂಕೇತಗಳಿಗೆ ಮೇಲಿನ ಕಚೇರಿಯ ಸೂಚನೆ ಇರುತ್ತದೆ. ಹನ್ನೊಂದನೆಯದು ಮಾತ್ರ ಬೇರೆ ಜಾತಿಯದು. ಹವಾಮಾನ ಕೇಂದ್ರದೊಂದಿಗಿನ ಸಂಪರ್ಕ ಪೂರ್ತಿ ಕಡಿದುಹೋಗಿದೆ, ಆದರೂ ಕೆಟ್ಟ ಹವೆಯ ಅಪಾಯವಿದೆ ಎಂದು ಸ್ಥಳದಲ್ಲಿರುವ ಅಧಿಕಾರಿಗೆ ಅನಿಸಿದೆ ಎಂಬುದು ಅದರ ಅರ್ಥ.

ಓದುಗರು ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಮೇಲಿನಿಂದ ಆದೇಶವಿಲ್ಲ, ತಂತಿ ಇಲ್ಲ, ಫೋನ್ ಇಲ್ಲ. ಆಕಾಶದ ಬಣ್ಣ, ಗಾಳಿಯ ವಾಸನೆ, ನೀರಿನ ಉಬ್ಬರ ನೋಡಿ, ತನ್ನ ಅನುಭವದ ಬಲದಿಂದ, ತನ್ನ ಹೊಣೆಯ ಮೇಲೆ ಸಂಕೇತ ಏರಿಸುವ ಅಧಿಕಾರವನ್ನು ಆ ಒಬ್ಬ ಮನುಷ್ಯನಿಗೆ ಕೊಟ್ಟಿದ್ದಾರೆ. 1908ರ ಬಂದರು ಕಾಯ್ದೆಯಲ್ಲೂ, ಅದರ ಬದಲಿಗೆ 2025ರಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಬಂದರಿನ ಅಧಿಕಾರಿಗಳ ಅಧಿಕಾರಗಳ ಪಟ್ಟಿ ಇದೆ. ಆದರೆ ಯಾವ ಕಾಯ್ದೆಯೂ ಕಾಳಜಿಯನ್ನು ಕಡ್ಡಾಯ ಮಾಡಲಾರದು. ಅದು ಮನುಷ್ಯನೇ ತರಬೇಕಾದ ಬಂಡವಾಳ.

ಕೊಂಕಣದ ಬಂದರಿನಲ್ಲಿ ಉಡುಪಿ ಹೋಟೆಲು

ಈ ಕಾಳಜಿಗೆ ನಮ್ಮ ನೆರೆಯ ಕೊಂಕಣ ತೀರದಲ್ಲೇ ನಿದರ್ಶನವಿದೆ. 2017ರ ನವೆಂಬರ್ ಕೊನೆಯಲ್ಲಿ 'ಓಖಿ' ಚಂಡಮಾರುತ ಎದ್ದಾಗ ದೂರದ ಕೇರಳ, ತಮಿಳುನಾಡಿನ ಬೋಟುಗಳು ದಿಕ್ಕು ತಪ್ಪಿ ಉತ್ತರಕ್ಕೆ ಬಂದವು. ಅವುಗಳಲ್ಲಿ 68 ಬೋಟುಗಳು 952 ಮೀನುಗಾರರೊಂದಿಗೆ ಸಿಂಧುದುರ್ಗ ಜಿಲ್ಲೆಯ ದೇವಗಡ ಬಂದರಿನ ಆಸರೆ ಪಡೆದವು. ಮಾವಿನಹಣ್ಣಿಗೆ ಹೆಸರಾದ ಆ ಸಣ್ಣ ಊರಿಗೆ ಒಮ್ಮೆಲೇ ಸಾವಿರದಷ್ಟು ಜನ ಬಂದಿಳಿದರೆ ಪರಿಸ್ಥಿತಿ ಹೇಗಿದ್ದೀತು ಎಂದು ಊಹಿಸಿಕೊಳ್ಳಿ. ಅವರ ಮನೆಗಳಲ್ಲಿ ಹೊಟ್ಟೆ ತುಂಬ ಉಂಡು ಮಲಗಿದವರು ಆ ರಾತ್ರಿಗಳಲ್ಲಿ ಯಾರೂ ಇದ್ದಿರಲಾರರು. 'ಬೋಟು ಬಂದರು ಮುಟ್ಟಿದೆ' ಎಂಬ ಒಂದು ವಾಕ್ಯಕ್ಕಾಗಿ ಊರೇ ಕಾದಿರುತ್ತದೆ.

ಇದೇ ತೀರದ ಇನ್ನೊಂದು ಸಣ್ಣ ಬಂದರಿನ ಕಥೆಯನ್ನು ನಮ್ಮ ಕಡೆಯ ತಾಂಡೇಲರೊಬ್ಬರು ನನಗೆ ಹೇಳಿದ್ದರು. ಆಳಸಮುದ್ರದ ಬೋಟು, ಏಳು ಜನ, ರಾತ್ರಿಯ ಹೊತ್ತು. ಗೇರ್‌ಬಾಕ್ಸ್ ಕೆಟ್ಟು ಬೋಟು ತೆವಳುವಂತೆ ಬರುತ್ತಿತ್ತು, ಗಾಳಿ ಏರುತ್ತಿತ್ತು. ಅಳಿವೆಯ ಬಾಗಿಲಲ್ಲಿ ಬಂಡೆ ಇದೆಯೆಂದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಆಗ ಜೆಟ್ಟಿಯ ಕಾವಲುಗಾರ ಟಾರ್ಚ್ ಹಿಡಿದು ಗೋಡೆಯ ತುದಿಯವರೆಗೆ ಓಡಿ ಬಂದ. "ಇತ್ತ, ಇತ್ತ ಎಂದು ಬೆಳಕು ಆಡಿಸಿಯೇ ನಮ್ಮನ್ನು ಒಳಗೆ ತಂದ ಮಾರಾಯ್ರೇ. ಅವನ ಮಾತು ನಮಗೆ ಅರ್ಥವಾಗಲಿಲ್ಲ, ಬೆಳಕು ಅರ್ಥವಾಯಿತು" ಎಂದರು.

ಬೆಳಿಗ್ಗೆ ಅಧಿಕಾರಿ ಬಂದರು. ಬೇರೆ ರಾಜ್ಯದ ಬೋಟು, ಬೇರೆ ಭಾಷೆಯ ಜನ. 2008ರ ನವೆಂಬರ್ 26ರ ದಾಳಿಯ ಬಳಿಕ ಸಮುದ್ರದಿಂದ ಬರುವ ಅಪರಿಚಿತರ ಬಗ್ಗೆ ಸಂಶಯ ಹೆಚ್ಚಿರುವುದು ಸಹಜವೇ. ಇವರಿಗೆ ಮರಾಠಿ ಬಾರದು, ಅವರಿಗೆ ಕನ್ನಡ ತುಳು ಬಾರದು. ಆ ಅಧಿಕಾರಿ ಕೂಗಾಡಲಿಲ್ಲ. ಪೇಟೆಯಲ್ಲಿದ್ದ ಉಡುಪಿ ಹೋಟೆಲಿನ ಮಾಲೀಕರನ್ನು ಕರೆಸಿದರು. ಹೋಟೆಲಿನವರು ಒಂದು ಡಬ್ಬಿ ಇಡ್ಲಿ, ಕೆಟಲಿನಲ್ಲಿ ಚಹಾ ಹಿಡಿದುಕೊಂಡೇ ಬಂದು ದುಭಾಷಿಯಾದರು. ಅಧಿಕಾರಿ ಹೇಳಿದ ಮೊದಲ ಮಾತು, "ಕಾಗದಪತ್ರ ಆಮೇಲೆ ನೋಡೋಣ, ಮೊದಲು ಮನೆಗೆ ಫೋನ್ ಮಾಡಲಿ." ಏಳೂ ಜನ ಸರದಿಯಲ್ಲಿ ಮನೆಗೆ ಮಾತಾಡಿದರು. ಆನಂತರವೇ ಬೋಟಿನ ನೋಂದಣಿ, ಲೈಸೆನ್ಸ್, ಗುರುತಿನ ಚೀಟಿಗಳ ಪರಿಶೀಲನೆ ಶಿಸ್ತಿನಿಂದ ನಡೆಯಿತು. ಮೆಕ್ಯಾನಿಕ್ ಸಿಕ್ಕಿ ಬೋಟು ಹೊರಡಲು ಮೂರು ದಿನ ಹಿಡಿಯಿತು. ನಿಯಮ ಒಂದೂ ತಪ್ಪಲಿಲ್ಲ, ಕ್ರಮ ಮಾತ್ರ ಬದಲಾಯಿತು. ಈ ಕ್ರಮದಲ್ಲೇ ಆ ಅಧಿಕಾರಿಯ ದೊಡ್ಡತನವಿದೆ ಎಂದು ನನ್ನ ಭಾವನೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ತೀರದಿಂದ 12 ನಾಟಿಕಲ್ ಮೈಲಿನೊಳಗಿನ ಮೀನುಗಾರಿಕೆಯ ನಿಯಂತ್ರಣ ಆಯಾ ರಾಜ್ಯದ್ದು. ಹೊರರಾಜ್ಯದ ದೊಡ್ಡ ಬೋಟುಗಳು ತಮ್ಮ ನೀರಿಗೆ ಬಂದು ಮೀನು ಬಾಚಿಕೊಂಡು ಹೋಗುತ್ತವೆ ಎಂಬ ನೋವು ಸಿಂಧುದುರ್ಗದ ಸಣ್ಣ ದೋಣಿಯ ಮೀನುಗಾರರಲ್ಲಿದೆ. ಈ ವಿಷಯದಲ್ಲಿ ಘರ್ಷಣೆಗಳೂ ನಡೆದಿವೆ, ಬೋಟು ಹಿಡಿದು ದಂಡ ಹಾಕಿದ್ದೂ ಇದೆ. ಅವರ ನೋವು ಸುಳ್ಳಲ್ಲ. ಆದರೂ ಗಾಳಿ ಎದ್ದ ರಾತ್ರಿ ಆಸರೆ ಕೇಳಿ ಬಂದವನು ಯಾವ ಊರಿನವನೆಂದು ಟಾರ್ಚ್ ಹಿಡಿದ ಕಾವಲುಗಾರ ಕೇಳಲಿಲ್ಲ. ಮನಸ್ತಾಪ ಇದ್ದ ಕಡೆಯೇ ಮಾಡಿದ ಉಪಕಾರಕ್ಕೆ ತೂಕ ಹೆಚ್ಚು.

ಬಂದರು ಮುಟ್ಟದೆ ಹೋದವರ ನೆನಪೂ ನಮಗಿದೆ. ಮಲ್ಪೆಯ 'ಸುವರ್ಣ ತ್ರಿಭುಜ' ಬೋಟು 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಂದಿಗೆ ಹೊರಟು, 15ರ ರಾತ್ರಿಯ ಬಳಿಕ ಸಂಪರ್ಕ ಕಳೆದುಕೊಂಡಿತು. 2019ರ ಮೇ ತಿಂಗಳಲ್ಲಿ ಮಾಲ್ವಣದ ಸಮೀಪ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿತು. ನಾಲ್ಕೂವರೆ ತಿಂಗಳು ಆ ಏಳು ಮನೆಗಳು ಒಂದು ಫೋನಿಗಾಗಿ ಕಾದಿದ್ದವು. ಅದನ್ನು ನೆನೆದಾಗ 'ಮೊದಲು ಮನೆಗೆ ಫೋನ್ ಮಾಡಲಿ' ಎಂಬ ಮಾತಿನ ಬೆಲೆ ತಿಳಿಯುತ್ತದೆ.

ಮುಂಬಯಿ ಕಡಲಿನ ಎರಡು ದಿನಗಳು

ಈ ಮಾತು ನಮ್ಮ ಮುಂಬಯಿಗೂ ಅನ್ವಯಿಸುತ್ತದೆ. 1947ರ ಜುಲೈ 17ರ ಬೆಳಿಗ್ಗೆ ಭಾವುಚಾ ಧಕ್ಕಾದಿಂದ ರೇವಸ್‌ಗೆ ಹೊರಟ 'ರಾಮದಾಸ್' ಹಡಗು ಮಳೆಗಾಳಿಗೆ ಸಿಲುಕಿ ಮುಳುಗಿ 600ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಡಗಿನಲ್ಲಿ ವಯರ್‌ಲೆಸ್ ಇರಲಿಲ್ಲ. ದುರಂತ ನಡೆದು ಗಂಟೆಗಟ್ಟಲೆ ಕಾಲ ನಗರಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಆ ಕಡೆಯ ಮೀನುಗಾರರು ತಮ್ಮ ದೋಣಿಗಳಿಗೆ ಎತ್ತಿಕೊಂಡದ್ದರಿಂದ ಹಲವರು ಬದುಕಿದರು. ದಡದಲ್ಲಿ ನೆರವಿನ ಕೈಗಳು ಇದ್ದೂ, ಕರೆ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾ ಕಡೆಗೆ ಹೋಗುತ್ತಿದ್ದ 'ನೀಲ್‌ಕಮಲ್' ಎಂಬ ಪ್ರಯಾಣಿಕರ ಲಾಂಚಿಗೆ ನೌಕಾಪಡೆಯ ವೇಗದ ಬೋಟು ಡಿಕ್ಕಿ ಹೊಡೆದು 15 ಜನ ಅಸುನೀಗಿದರು. ಲಾಂಚಿನಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಸಾವಿನ ಸಂಖ್ಯೆ ಇನ್ನೂ ಹೆಚ್ಚಾಗದಿರಲು ಸಮೀಪದಲ್ಲಿದ್ದವರು ತಡಮಾಡದೆ ಓಡಿ ಬಂದದ್ದೇ ಕಾರಣ. ಹಾಗೆ ಬಂದವರಲ್ಲಿ ಮುಂಬಯಿ ಬಂದರಿನ ಪೈಲಟ್ ಬೋಟಿನ ಸಿಬ್ಬಂದಿಯೂ ಸೇರಿದ್ದರು. ದೊಡ್ಡ ಹಡಗುಗಳಿಗೆ ಪೈಲಟರನ್ನು ಮುಟ್ಟಿಸಿ ಕರೆತರುವುದು ಅವರ ದಿನನಿತ್ಯದ ಕೆಲಸ. ನೀರಿನಲ್ಲಿ ಕೈ ಎತ್ತುತ್ತಿದ್ದ ಹತ್ತಾರು ಜನರನ್ನು, ಮಕ್ಕಳನ್ನು ಮೊದಲು ಮಾಡಿ, ಅವರು ಎಳೆದುಕೊಂಡು ಉಳಿಸಿದರು. ಪತ್ರಿಕೆಗಳಲ್ಲಿ ಎರಡು ದಿನ ಅವರ ಸುದ್ದಿ ಬಂತು. ಮೂರನೆಯ ದಿನ ಅವರು ಮತ್ತೆ ಹೆಸರಿಲ್ಲದವರಾಗಿ ತಮ್ಮ ಕೆಲಸಕ್ಕೆ ಹಿಂದಿರುಗಿರಬೇಕು.

ಸಂಘ ಸಂಸ್ಥೆಗಳಿಗೊಂದು ವಿನಂತಿ

ಎಲ್ಲ ಬಂದರುಗಳಲ್ಲೂ ದೇವರೇ ಕುಳಿತಿದ್ದಾರೆ ಎಂದು ನಾನು ಹೇಳಹೊರಟಿಲ್ಲ. ಒಂದು ಸಹಿಗಾಗಿ ದಿನವಿಡೀ ಕಾದು ನಿಂತ ಬೋಟಿನವರ ಗೋಳನ್ನೂ ನಾನು ಕೌಂಟರಿನಲ್ಲಿ ಕೇಳಿದ್ದೇನೆ. ಆದರೆ ಕೆಟ್ಟ ಅನುಭವವನ್ನು ನಾಲ್ಕು ಜನರಿಗೆ ಹೇಳುವ ನಾವು, ಒಳ್ಳೆಯದನ್ನು ಒಬ್ಬರಿಗೂ ಹೇಳದೆ ಮರೆಯುತ್ತೇವೆ. ಒಳ್ಳೆಯ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲದಿದ್ದರೆ ಅದು ನಷ್ಟದ ಬಾಬತ್ತೆಂದೇ ಮಾಡುವವನಿಗೆ ಅನಿಸಿಬಿಡುವ ಅಪಾಯವಿದೆ.

ನಮ್ಮ ಸಂಘಗಳು ವರ್ಷಂಪ್ರತಿ ವಾರ್ಷಿಕೋತ್ಸವ ಮಾಡುತ್ತವೆ. ಉದ್ಯಮಿಗಳಿಗೆ, ಕಲಾವಿದರಿಗೆ, ಪ್ರತಿಭಾವಂತ ಮಕ್ಕಳಿಗೆ ಸನ್ಮಾನ ನಡೆಯುತ್ತದೆ. ಇದು ಶ್ಲಾಘನೀಯವೇ. ಆ ವೇದಿಕೆಯಲ್ಲಿ ಒಂದು ಶಾಲು, ಒಂದು ಹಾರವನ್ನು ಬಂದರಿನ ಒಬ್ಬ ಕೆಲಸಗಾರನಿಗೂ ತೆಗೆದಿರಿಸಬಾರದೇ? ಆತ ಕನ್ನಡಿಗನೇ ಆಗಿರಬೇಕೆಂದಿಲ್ಲ. ನಮ್ಮ ಊರಿನ ಬೋಟಿಗೆ ಟಾರ್ಚ್ ತೋರಿಸಿದ ಮರಾಠಿ ಕಾವಲುಗಾರನನ್ನು ಕರೆಸಿ ಕೂರಿಸಿದರೆ, ಎರಡು ರಾಜ್ಯಗಳ ಮೀನುಗಾರರ ನಡುವೆ ಎಷ್ಟೋ ಸಭೆಗಳು ಮಾಡಲಾಗದ ಕೆಲಸವನ್ನು ಆ ಶಾಲು ಮಾಡೀತು.

ಇನ್ನೊಂದು ಖರ್ಚಿಲ್ಲದ ಕೆಲಸವಿದೆ. ಹಲವು ಸಂಘಗಳು ಪ್ರತಿವರ್ಷ ಕ್ಯಾಲೆಂಡರ್ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚುತ್ತವೆ. ಸಮುದ್ರದಲ್ಲಿ ಆಪತ್ತಿಗೆ ಸಿಲುಕಿದವರಿಗಾಗಿ ಕರಾವಳಿ ಕಾವಲು ಪಡೆಯ ಉಚಿತ ದೂರವಾಣಿ ಸಂಖ್ಯೆ 1554. ಬೋಟಿನ ವಯರ್‌ಲೆಸ್‌ನಲ್ಲಿ ತುರ್ತು ಕರೆಗೆ 16ನೇ ಚಾನೆಲ್. ಈ ಎರಡು ಸಂಖ್ಯೆಗಳನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಮುದ್ರಿಸಿದರೆ ಸಾಕು. ಊರಿನಲ್ಲಿ ಕರ್ನಾಟಕದ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಆ ಎರಡು ತಿಂಗಳು ಮನೆಯಲ್ಲಿರುವ ತಾಂಡೇಲರಿಗೆ, ಕಲಾಸಿಗಳಿಗೆ ಕೊಂಕಣದ ಬಂದರುಗಳಲ್ಲಿ ಬೇಕಾಗುವ ಹತ್ತು ಹದಿನೈದು ಮರಾಠಿ ವಾಕ್ಯಗಳನ್ನು ಮುಂಬಯಿಯ ನಮ್ಮವರು ಬರೆದು ಕಳುಹಿಸಬಹುದು. 'ಎಂಜಿನ್ ಕೆಟ್ಟಿದೆ', 'ಒಳಗೆ ಬರಬಹುದೇ', 'ಒಬ್ಬರಿಗೆ ಪೆಟ್ಟಾಗಿದೆ' ಎಂಬಷ್ಟು ಸಾಕು. ಎರಡೂ ಭಾಷೆ ಬಲ್ಲ ನಾವು ಮಾಡದಿದ್ದರೆ ಈ ಕೆಲಸವನ್ನು ಇನ್ಯಾರು ಮಾಡಬೇಕು?

ಗೇಟ್‌ವೇಯಿಂದಲೋ ಭಾವುಚಾ ಧಕ್ಕಾದಿಂದಲೋ ಲಾಂಚಿನಲ್ಲಿ ಹೋಗುವ ಓದುಗರು ಇಳಿಯುವಾಗ ಒಂದು ಕ್ಷಣ ನಿಂತು ನೋಡಿ. ನೀವು ಕಾಲಿಡುವ ಮೊದಲು ಒಬ್ಬ ಹಗ್ಗ ಬಿಗಿದಿರುತ್ತಾನೆ, ಇನ್ನೊಬ್ಬ ಕೈ ಚಾಚಿರುತ್ತಾನೆ. ಚಪ್ಪಲಿ, ಚೀಲ ನೋಡಿಕೊಳ್ಳುವ ಅವಸರದಲ್ಲಿ ನಾವು ಆ ಮುಖವನ್ನು ನೋಡಿರುವುದಿಲ್ಲ. ಮುಂದಿನ ಸಲ ನೋಡೋಣ, 'ಧನ್ಯವಾದ' ಎಂದು ಬಾಯಿಬಿಟ್ಟು ಹೇಳೋಣ.